ಟೆನೆಸ್ಸಿಯಿಂದ ಬೀದರಕ್ಕೆ, ಡೆನ್ಮಾರ್ಕಿನಿಂದ ಹುಮನಾಬಾದಕ್ಕೆ

ಪಿ.ಯು.ಸಿ. ಫಲಿತಾಂಶ ಬಂತೆಂದರೆ ಬೀದರದಲ್ಲಿ ಗೋಡೆ ಗೋಡೆಯ ಮೇಲೂ ವಿಮಾನಗಳು ಹಾರತೊಡಗುತ್ತವೆ. ವಿಮಾನದ ಪಕ್ಕದಲ್ಲಿ ಬಿಳಿಯ ಕೋಟು ತೊಟ್ಟ ಯುವಕ, ಅವನ ಕೆಳಗೆ ಒಂದು ಮೊಬೈಲ್ ಸಂಖ್ಯೆ. ಅದೇ ವಾರದ ಪತ್ರಿಕೆಯಲ್ಲಿ ಎರಡು ದೇಶಗಳ ಪ್ರಧಾನಿಗಳು ಕೈಕುಲುಕುವ ಚಿತ್ರವೂ, ‘ಉನ್ನತ ಶಿಕ್ಷಣದಲ್ಲಿ ಸಹಕಾರಕ್ಕೆ ಒಪ್ಪಂದ’ ಎಂಬ ಸುದ್ದಿಯೂ ಇರಬಹುದು. ಮನ್ನಳ್ಳಿಯಲ್ಲಿ ತೊಗರಿ, ಸೋಯಾ ಬೆಳೆಯುವ ತಂದೆಗೆ ಈ ಎರಡೂ ಒಂದೇ ಎಂದು ತೋರಿದರೆ ತಪ್ಪೇನಿಲ್ಲ. ‘ಹುಡುಗಗ ಹೊರದೇಶಕ್ಕ ಕಳಿಸಬೇಕಂತೀವ್ರಿ, ಖರ್ಚು ಎಷ್ಟು ಬರ್ತದ?’ ಎಂದು ಆತ ಕೇಳುತ್ತಾನೆ. ಆದರೆ ಗೋಡೆಯ ಮೇಲಿನ ವಿಮಾನಕ್ಕೂ ಆ ಕೈಕುಲುಕಿಗೂ ಬಹಳ ಅಂತರವಿದೆ. ಒಂದು ಮಗುವನ್ನು ಊರಿನಿಂದ ಹೊರಗೆ ಒಯ್ಯುತ್ತದೆ. ಇನ್ನೊಂದು, ಸರಿಯಾಗಿ ನಡೆದರೆ, ಹೊರಗಿನ ವಿದ್ಯೆಯನ್ನು ಊರಿಗೆ ತಂದು ಬಿಟ್ಟುಹೋಗುತ್ತದೆ. ಹಾಗೆ ಬಿಟ್ಟುಹೋದ ವಿದ್ಯೆ ಬೀದರ ಜಿಲ್ಲೆಯಲ್ಲೇ ಇದೆ. ಅದರ ಮೂಲ ಯಾವ ದೇಶವೆಂಬುದು ಮಾತ್ರ ಹೆಚ್ಚಿನವರಿಗೆ ತಿಳಿದಿಲ್ಲ.

ಈ ಪದ್ಧತಿ ಬೀದರಕ್ಕೆ ಹೊಸದಲ್ಲ. ಇರಾನಿನ ಗೀಲಾನ್ ಪ್ರಾಂತದಲ್ಲಿ ಹುಟ್ಟಿದ ಮಹಮೂದ್ ಗವಾನ್ 15ನೆಯ ಶತಮಾನದ ಮಧ್ಯದಲ್ಲಿ ವ್ಯಾಪಾರಿಯಾಗಿ ಇಲ್ಲಿಗೆ ಬಂದು, ಬಹಮನಿ ರಾಜ್ಯದ ಪ್ರಧಾನಿಯಾದ. 1472ರಲ್ಲಿ ಆತ ಕಟ್ಟಿಸಿದ ಮದರಸಾ ಇಂದಿಗೂ ಪೇಟೆಯ ನಡುವೆ ನಿಂತಿದೆ. ಮೂರು ಅಂತಸ್ತು, ನಡುವೆ ವಿಶಾಲ ಅಂಗಳ, ವಿದ್ಯಾರ್ಥಿಗಳಿಗೆ 36 ಕೋಣೆಗಳು, ಅಧ್ಯಾಪಕರಿಗೆ ಪ್ರತ್ಯೇಕ ವಸತಿ, ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಇತಿಹಾಸಕಾರರು ಹೇಳುವ ಗ್ರಂಥಾಲಯ. ಗೋಡೆಗೆ ಮೆತ್ತಿದ ನೀಲಿ, ಹಸಿರು, ಹಳದಿ ಹೆಂಚುಗಳು ಮಧ್ಯ ಏಷ್ಯಾದ ಕಟ್ಟಡಗಳನ್ನು ನೆನಪಿಸುತ್ತವೆ. ಕಟ್ಟಡದ ಮಾದರಿಯಂತೆ ವಿದ್ವಾಂಸರೂ ಸಮುದ್ರದಾಚೆಯಿಂದ ಬಂದರು. ಹೆರಾತಿನ ಮಹಾಕವಿ ಜಾಮಿಯೊಡನೆ ಗವಾನನಿಗೆ ಪತ್ರವ್ಯವಹಾರವಿತ್ತು. ಕಾಗದ ತಲುಪಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲದಲ್ಲಿ ಇಂಥ ಸಂಬಂಧ ಇಟ್ಟುಕೊಂಡದ್ದು ಸಣ್ಣ ಮಾತಲ್ಲ.

1481ರಲ್ಲಿ ಖೊಟ್ಟಿ ಪತ್ರವೊಂದನ್ನು ಸೃಷ್ಟಿಸಿ ವಿರೋಧಿಗಳು ಸುಲ್ತಾನನ ಕಿವಿ ಕಚ್ಚಿದರು. ಗವಾನನ ತಲೆ ಹೋಯಿತು. ಕೆಲವೇ ವರ್ಷಗಳಲ್ಲಿ ರಾಜ್ಯ ಐದು ಹೋಳಾಯಿತು. ಮೊಗಲರ ಕಾಲದಲ್ಲಿ ಮದರಸಾ ಸಿಪಾಯಿಗಳ ವಸತಿಯೂ ಸಿಡಿಮದ್ದಿನ ಉಗ್ರಾಣವೂ ಆಗಿ, 1696ರ ಸ್ಫೋಟದಲ್ಲಿ ಅದರ ಒಂದು ಪಾರ್ಶ್ವವೂ ಒಂದು ಮಿನಾರೂ ಉರುಳಿದವು. ಸಿಡಿಮದ್ದಿಗಿಂತ ದೊಡ್ಡ ಕೊರತೆ ಬೇರೊಂದಿತ್ತು. ಅಲ್ಲಿನ ಪಾಠ ಅರಬ್ಬಿ, ಪಾರಸಿಗಳಲ್ಲಿ, ಖರ್ಚು ಅರಮನೆಯದು, ಗುರುಗಳು ಹೊರಗಿನವರು. ಸುತ್ತಲಿನ ಹಳ್ಳಿಯ ಒಕ್ಕಲಿಗನ ಮಗ ಆ ಬಾಗಿಲು ದಾಟಬೇಕಾದರೆ ಮೊದಲು ಎರಡು ಪರಭಾಷೆ ಕಲಿಯಬೇಕಾಗಿತ್ತು. ಹೊರಗಿನ ವಿದ್ಯೆ ಬೀದರದಲ್ಲಿ ಮನೆ ಮಾಡಿತೇ ಹೊರತು ಹೊಲದವರೆಗೆ ಹೋಗಲಿಲ್ಲ.

ಹೊಲದವರೆಗೆ ಹೋದ ವಿದ್ಯೆಯನ್ನು ನೋಡಬೇಕಾದರೆ ಅದೇ ಊರಿನ ಹೊರವಲಯದ ನಂದಿನಗರಕ್ಕೆ ಹೋಗಬೇಕು. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಅಲ್ಲಿದೆ. ಇದು 2004ರ ಕಾಯ್ದೆಯಿಂದ ಹುಟ್ಟಿದ್ದು. ಅದಕ್ಕೂ ಮೊದಲೇ ಬೀದರದಲ್ಲಿ ಪಶುವೈದ್ಯಕೀಯ ಕಾಲೇಜು ಇತ್ತು. ಅದು ಕೃಷಿ ವಿಶ್ವವಿದ್ಯಾಲಯದ ಕೂಸು. ಆ ಕೃಷಿ ವಿಶ್ವವಿದ್ಯಾಲಯದ ಬೇರು ಹುಡುಕುತ್ತ ಹೋದರೆ ಬೆಂಗಳೂರಿನ ಹೆಬ್ಬಾಳ ಸಿಗುತ್ತದೆ, ಹೆಬ್ಬಾಳದಿಂದ ಮುಂದೆ ಅಮೆರಿಕದ ಟೆನೆಸ್ಸಿ ಸಿಗುತ್ತದೆ.

ಅಮೆರಿಕದಲ್ಲಿ 1862ರಲ್ಲಿ, ಅಂತರ್ಯುದ್ಧ ನಡೆಯುತ್ತಿದ್ದಾಗಲೇ, ಅಧ್ಯಕ್ಷ ಲಿಂಕನ್ ಒಂದು ಕಾಯ್ದೆಗೆ ಸಹಿ ಹಾಕಿದ. ಕೇಂದ್ರ ಸರ್ಕಾರ ರಾಜ್ಯಗಳಿಗೆ ಭೂಮಿ ಕೊಡುವುದು, ರಾಜ್ಯಗಳು ಅದನ್ನು ಮಾರಿ ಬಂದ ಹಣದಿಂದ ಬೇಸಾಯ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜು ನಡೆಸುವುದು - ಇದು ಆ ಕಾಯ್ದೆಯ ಸಾರ. ಇವಕ್ಕೆ ‘ಭೂಮಿ ಪಡೆದ ಕಾಲೇಜು’ಗಳೆಂದು ಹೆಸರು. (ವಿನೋಬಾ ಅವರ ಭೂದಾನಕ್ಕೂ ಇದಕ್ಕೂ ಸಂಬಂಧವಿಲ್ಲ, ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಎರಡನ್ನೂ ಕಲಸಬಾರದು.) ಕಾಲಕ್ರಮದಲ್ಲಿ ಈ ಕಾಲೇಜುಗಳಲ್ಲಿ ಬೋಧನೆ, ಸಂಶೋಧನೆ, ರೈತರಿಗೆ ತಿಳಿವಳಿಕೆ ಮುಟ್ಟಿಸುವ ವಿಸ್ತರಣೆ ಎಂಬ ಮೂರೂ ಕೆಲಸಗಳು ಒಂದೇ ಸೂರಿನಡಿ ಬಂದವು.

ಭಾರತದಲ್ಲಿ ಆಗಿನ ಸ್ಥಿತಿ ಹಾಗಿರಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವವನು ಒಬ್ಬ, ಬೇರೆ ಊರಿನ ಕೇಂದ್ರದಲ್ಲಿ ಸಂಶೋಧನೆ ಮಾಡುವವನು ಇನ್ನೊಬ್ಬ, ಹಳ್ಳಿಗೆ ಹೋಗುವವನು ಇಲಾಖೆಯ ಮತ್ತೊಬ್ಬ. ಮನ್ನಳ್ಳಿಯ ಆಕಳಿಗೆ ಬಂದ ಹೊಸ ರೋಗ ಈ ಮೂವರಲ್ಲಿ ಒಬ್ಬನಿಗೆ ಗೊತ್ತಾದರೆ ಉಳಿದಿಬ್ಬರಿಗೆ ಗೊತ್ತಾಗುವ ಖಾತ್ರಿ ಇರಲಿಲ್ಲ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ 1948-49ರಲ್ಲೇ ಗ್ರಾಮೀಣ ವಿಶ್ವವಿದ್ಯಾಲಯಗಳು ಬೇಕೆಂದಿತ್ತು. ಮುಂದೆ ಭಾರತ, ಅಮೆರಿಕ ಸರ್ಕಾರಗಳ ನಡುವೆ ಏರ್ಪಟ್ಟ ಕಾರ್ಯಕ್ರಮದಲ್ಲಿ ಅಲ್ಲಿನ ಆರು ವಿಶ್ವವಿದ್ಯಾಲಯಗಳು ಭಾರತದ ರಾಜ್ಯಗಳನ್ನು ಹಂಚಿಕೊಂಡವು. ಇಲಿನಾಯ್ ವಿಶ್ವವಿದ್ಯಾಲಯದ ನೆರವಿನಿಂದ 1960ರಲ್ಲಿ ಪಂತನಗರದಲ್ಲಿ ದೇಶದ ಮೊದಲ ಕೃಷಿ ವಿಶ್ವವಿದ್ಯಾಲಯ ಆಯಿತು. ಆಗಿನ ಮೈಸೂರು ರಾಜ್ಯದ ಪಾಲಿಗೆ ಬಂದದ್ದು ಟೆನೆಸ್ಸಿ ವಿಶ್ವವಿದ್ಯಾಲಯ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಆರಂಭವಾಯಿತು, ಡಾ. ಕೆ.ಸಿ. ನಾಯಕ್ ಮೊದಲ ಕುಲಪತಿ.

ಟೆನೆಸ್ಸಿಯ ಪ್ರಾಧ್ಯಾಪಕರು ಹೆಬ್ಬಾಳಕ್ಕೆ ಬಂದು ಕೆಲಸ ಮಾಡಿದರು. ಇಲ್ಲಿನ ಅಧ್ಯಾಪಕರು ಅಮೆರಿಕಕ್ಕೆ ಹೋಗಿ ಮೇಲಿನ ಪದವಿ ಪಡೆದು ಬಂದರು. ವರ್ಷಕ್ಕೊಂದೇ ದೊಡ್ಡ ಪರೀಕ್ಷೆಯ ಬದಲು ವರ್ಷವನ್ನು ಭಾಗ ಮಾಡಿ, ಪಾಠ ಹೇಳಿದ ಗುರುವೇ ಅಂಕ ಕೊಡುವ ಪದ್ಧತಿ ಕೃಷಿ ವಿಶ್ವವಿದ್ಯಾಲಯಗಳ ಮೂಲಕವೇ ಇಲ್ಲಿಗೆ ಬಂತು. ‘ಗುರು ಸಿಟ್ಟಾದರೆ ಅಂಕ ಹೋಯಿತು’ ಎಂಬ ಗೊಣಗಾಟವೂ ಅದರ ಜೊತೆಗೇ ಬಂದಿರಬೇಕು. 1970ರ ದಶಕದಲ್ಲಿ ಅಮೆರಿಕದವರು ಗಂಟುಮೂಟೆ ಕಟ್ಟಿಕೊಂಡು ಹೋದರು. ಗವಾನನ ಮದರಸಾಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಕಾಣುತ್ತದೆ. ಅತಿಥಿಗಳು ಹೋದ ಮೇಲೆ ಸಂಸ್ಥೆ ಕುಗ್ಗಲಿಲ್ಲ, ಕವಲೊಡೆಯಿತು. 1986ರಲ್ಲಿ ಧಾರವಾಡ, 2004ರ ಕಾಯ್ದೆಯಿಂದ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯ, 2008ರಲ್ಲಿ ರಾಯಚೂರು. ಬೀದರದ ಕೇಂದ್ರಸ್ಥಾನಕ್ಕೆ ಹೆಬ್ಬಾಳದ ಹಳೆಯ ಪಶುವೈದ್ಯಕೀಯ ಕಾಲೇಜೂ ಮಂಗಳೂರಿನ ಮೀನುಗಾರಿಕೆ ಕಾಲೇಜೂ ಸೇರಿವೆ. ಸಮುದ್ರವನ್ನೇ ಕಾಣದ ಜಿಲ್ಲೆಯ ಆಡಳಿತಕ್ಕೆ ಮೀನಿನ ಕಾಲೇಜು ಬಂದದ್ದು ಸ್ವಾರಸ್ಯದ ಸಂಗತಿಯೇ.

ಇದರಿಂದ ಹೊಲಕ್ಕೆ ಏನು ಬಂತು? ದೇವಣಿ ಆಕಳನ್ನೇ ನೋಡಬಹುದು. ಬೀದರ, ಲಾತೂರುಗಳ ಈ ತಳಿ ಹಾಲಿಗೂ ಸೈ, ನೇಗಿಲಿಗೂ ಸೈ. ಪೂರ್ತಿ ಬಿಳಿಯದು ಬಾಲಂಕ್ಯ, ಬಿಳಿ ಮೈಗೆ ಕರಿಯ ಮೋರೆಯದು ವಾನೇರಾ, ಮೈತುಂಬ ಕರಿಯ ಮಚ್ಚೆಯದು ಶೇವ್ರಾ. ಹಳ್ಳಿಯ ಮುದುಕರು ಬಣ್ಣ ನೋಡಿ ಹೇಳುವ ಈ ಬಗೆಗಳ ಹಾಲಿನ ಲೆಕ್ಕ, ಕರು ಹಾಕುವ ಅಂತರ, ಬೇನೆ ತಡೆಯುವ ಶಕ್ತಿ ಇವನ್ನೆಲ್ಲ ಅಳೆದು ಬರೆದಿಡಲು ಜಿಲ್ಲೆಯಲ್ಲೇ ಈ ತಳಿಗಾಗಿ ಸಂಶೋಧನಾ ಕೇಂದ್ರವಿದೆ. ಆಕಳು ರೈತನದು, ಪ್ರಶ್ನೆ ರೈತನದು, ಪ್ರಬಂಧ ವಿದ್ಯಾರ್ಥಿಯದು. ಕೃಷಿ ಪದವಿಯ ಕೊನೆಯ ವರ್ಷದವರು ಗ್ರಾಮೀಣ ಕಾರ್ಯಾನುಭವಕ್ಕೆಂದು ಹಳ್ಳಿಯಲ್ಲಿ ಉಳಿಯುವುದು, ಜನವಾಡದ ಕೃಷಿ ವಿಜ್ಞಾನ ಕೇಂದ್ರದವರು ರೈತನ ಹೊಲದಲ್ಲೇ ಹೊಸ ಬೀಜದ ಪ್ರಾತ್ಯಕ್ಷಿಕೆ ಮಾಡುವುದು ಇದೇ ವಿಚಾರದ ಫಲ. ರೈತನ ಬದುವಿನ ಮೇಲೆ ಟೆನೆಸ್ಸಿಯ ಹೆಸರನ್ನು ಯಾರೂ ಬರೆದಿಲ್ಲ. ಬರೆಯಬೇಕಾಗಿಯೂ ಇಲ್ಲ.

ಬೀದರದಿಂದ ಸುಮಾರು 50 ಕಿ.ಮೀ. ದೂರದ ಹುಮನಾಬಾದದಲ್ಲಿ ಇನ್ನೊಂದು ಕಥೆ ಇದೆ, ಇದು ಪಿ.ಯು.ಸಿ.ಗಿಂತ ಮೊದಲೇ, ಹತ್ತನೆಯ ತರಗತಿಯ ನಂತರವೇ ತೆರೆಯುವ ಬಾಗಿಲು. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆ ಅಲ್ಲಿದೆ. ಜನ ಅದನ್ನು ಜಿ.ಟಿ.ಟಿ.ಸಿ. ಎನ್ನುತ್ತಾರೆ. ಹೆಸರು ಕೇಳಿದ ಪಾಲಕರು ‘ಐ.ಟಿ.ಐ. ಇದ್ದಂಗ ಏನ್ರಿ?’ ಎಂದು ಕೇಳಿ ಸುಮ್ಮನಾಗುತ್ತಾರೆ. ಅಲ್ಲಿಗೇ ಬಿಡುವ ವಿಷಯ ಇದಲ್ಲ.

ಇದರ ಮೂಲ ಕೇಂದ್ರ 1972ರಲ್ಲಿ ಬೆಂಗಳೂರಿನಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಯೋಗದಿಂದ ಆರಂಭವಾಯಿತು. ಆಗ ಡೆನ್ಮಾರ್ಕಿನ ಇಡೀ ಜನಸಂಖ್ಯೆ ಸುಮಾರು 50 ಲಕ್ಷ; ಮೈಸೂರು ರಾಜ್ಯದ್ದು 1971ರ ಜನಗಣತಿಯಂತೆ 2 ಕೋಟಿ 93 ಲಕ್ಷ. ಅಷ್ಟು ಚಿಕ್ಕ ದೇಶದಿಂದ ಇಷ್ಟು ದೊಡ್ಡ ರಾಜ್ಯ ಕಲಿಯುವುದು ಏನಿತ್ತು? ಅಚ್ಚು ಮಾಡುವ ವಿದ್ಯೆ. ಮನೆಯ ಪ್ಲಾಸ್ಟಿಕ್ ಚೊಂಬು, ಮೋಟಾರ್ ಸೈಕಲ್ಲಿನ ದೀಪದ ಗೂಡು, ಪೆನ್ನಿನ ಟೋಪಿ, ಔಷಧದ ಶೀಶೆಯ ಮುಚ್ಚಳ ಇವೆಲ್ಲ ಉಕ್ಕಿನ ಅಚ್ಚಿನಿಂದ ಹೊರಬರುವಂಥವು. ಚೊಂಬು ಲಕ್ಷಗಟ್ಟಲೆ ಆಗಬಹುದು, ಅಚ್ಚು ಒಂದೇ. ಆ ಒಂದರಲ್ಲಿ ತಪ್ಪಿದ್ದರೆ ಲಕ್ಷ ಚೊಂಬಿನಲ್ಲೂ ಅದೇ ತಪ್ಪು. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ನೂರರಲ್ಲಿ ಏಳು ಪಾಲು. ಅಚ್ಚಿನ ಎರಡು ಹೋಳುಗಳ ನಡುವೆ ಈ ಕೂದಲಿನ ಅರ್ಧದಷ್ಟು ಸಂದು ಉಳಿದರೂ ಕರಗಿದ ಪ್ಲಾಸ್ಟಿಕ್ ಅಲ್ಲಿ ನುಸುಳಿ ಅಂಚಿನಲ್ಲಿ ತೆಳ್ಳನೆಯ ರೆಕ್ಕೆಯಾಗಿ ನಿಲ್ಲುತ್ತದೆ. ಅಗ್ಗದ ಬಾಚಣಿಗೆಯ ಅಂಚು ಬೆರಳಿಗೆ ಚುಚ್ಚುತ್ತದಲ್ಲ, ಅದು ಇದೇ. ಸ್ವಂತ ಅಚ್ಚು ಮಾಡಲಾರದ ದೇಶ ಎಷ್ಟು ಕಾರ್ಖಾನೆ ಕಟ್ಟಿದರೂ ಅಚ್ಚಿಗಾಗಿ ಹೊರದೇಶದತ್ತ ನೋಡಬೇಕಾಗುತ್ತದೆ.

ಅಲ್ಲಿನ ಮುಖ್ಯ ಕೋರ್ಸು ನಾಲ್ಕು ವರ್ಷದ ಉಪಕರಣ ಮತ್ತು ಅಚ್ಚು ತಯಾರಿಕೆಯ ಡಿಪ್ಲೊಮಾ. ಮೂರು ವರ್ಷ ಕೇಂದ್ರದಲ್ಲಿ, ಕೊನೆಯ ಒಂದು ವರ್ಷ ಕಾರ್ಖಾನೆಯಲ್ಲಿ. ಗಮನಿಸಬೇಕಾದದ್ದು ಅಲ್ಲಿನ ಕಲಿಕೆಯ ರೀತಿ. ಅದು ಬರಿಯ ಶಾಲೆಯಲ್ಲ, ಕೆಲಸದ ಮನೆಯೂ ಹೌದು. ಕೈಗಾರಿಕೆಗಳಿಗೆ ನಿಜವಾದ ಅಚ್ಚುಗಳನ್ನು, ಬಿಡಿಭಾಗಗಳನ್ನು ಮಾಡಿಕೊಡುವ ಅದೇ ಯಂತ್ರಗಳ ನಡುವೆ ವಿದ್ಯಾರ್ಥಿ ಕಲಿಯುತ್ತಾನೆ. ಪ್ರಯೋಗಾಲಯದಲ್ಲಿ ಉತ್ತರ ತಪ್ಪಾದರೆ ಮತ್ತೊಮ್ಮೆ ಮಾಡಬಹುದು. ಗಿರಾಕಿಯ ಉಕ್ಕು ಕೆಟ್ಟರೆ ಕೆಟ್ಟಿತು. ಈ ಭಯ ಹುಡುಗನಿಗೆ ಯಾವ ಗೈಡೂ ಕಲಿಸದ ಅಚ್ಚುಕಟ್ಟುತನವನ್ನು ಕಲಿಸುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರಿಗೆ ಇಂಗ್ಲಿಷ್ ಪಾರಿಭಾಷಿಕ ಪದಗಳು ಆರಂಭದಲ್ಲಿ ತೊಡಕಾಗುವುದು ಸಹಜ. ಆದರೆ ನಕ್ಷೆಗೆ ಭಾಷೆಯಿಲ್ಲ, ಮೈಕ್ರೋಮೀಟರಿಗೂ ಇಲ್ಲ. ಇದೇನೋ ಗಂಡು ಹುಡುಗರ ಕೆಲಸ ಎಂದುಕೊಳ್ಳುವುದೂ ಸಲ್ಲ. ಇಂದಿನ ಯಂತ್ರ ನಡೆಸಲು ತೋಳಿನ ಬಲಕ್ಕಿಂತ ತ್ರಿಕೋನಮಿತಿ ಹೆಚ್ಚು ಬೇಕು.

ಬೀದರದವರಿಗೆ ಇದು ಅಪರಿಚಿತ ವಿದ್ಯೆಯೂ ಅಲ್ಲ. ಬಿದರಿ ಕಲೆಯ ಕಸಬುದಾರರು ಮಣ್ಣಿನ ಅಚ್ಚಿನಲ್ಲಿ ಸತು, ತಾಮ್ರಗಳ ಎರಕ ಹೊಯ್ದು, ಕೂದಲಿನಂಥ ಗೆರೆ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಿಂದ ಕಪ್ಪು ಮಾಡುತ್ತ ಬಂದಿದ್ದಾರೆ. ಆ ವಿದ್ಯೆಯೂ ಬಹಮನಿ ಕಾಲದಲ್ಲಿ ಇರಾನಿನಿಂದ ಬಂತೆಂದು ಹೇಳುತ್ತಾರೆ. ಮದರಸಾದ ಪಾಠಕ್ಕಿಂತ ಹೆಚ್ಚು ಕಾಲ ಬಾಳಿದ್ದು ಇದು, ಏಕೆಂದರೆ ಇದನ್ನು ಊರಿನ ಮನೆಗಳು ಕಲಿತವು. ಡೆನ್ಮಾರ್ಕಿನ ವಿದ್ಯೆಯೂ ಹೀಗೆಯೇ ಹಬ್ಬಿತು. ಬೆಂಗಳೂರಿನ ಒಂದು ಕೇಂದ್ರದಿಂದ ಮೈಸೂರು, ಬೆಳಗಾವಿ, ಕಲಬುರಗಿ, ಹುಮನಾಬಾದ ಎಂದು ರಾಜ್ಯದ ತುಂಬ ಶಾಖೆಗಳಾದವು. ಅವನ್ನು ಕಟ್ಟಿದವರೂ ನಡೆಸುವವರೂ ಕರ್ನಾಟಕದವರೇ.

ಮೂರನೆಯ ಬಾಗಿಲು ರಾಜ್ಯದ ಗಡಿಯಾಚೆ ಇದ್ದರೂ ಬೀದರಕ್ಕೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಜಹೀರಾಬಾದ, ಸಂಗಾರೆಡ್ಡಿಗಳ ಮೇಲೆ ಹೈದರಾಬಾದಿಗೆ ಹೋಗುವ ಬಸ್ಸು ಕಂದಿ ಎಂಬ ಊರನ್ನು ಹಾದುಹೋಗುತ್ತದೆ. ದವಾಖಾನೆಗೆಂದೋ ಮದುವೆಯ ಜವಳಿಗೆಂದೋ ಎಷ್ಟೋ ಸಲ ಆ ದಾರಿಯಲ್ಲಿ ಹೋದವರು ಅಲ್ಲಿ ಕಾಣುವ ಎತ್ತರದ ಕಟ್ಟಡಗಳನ್ನು ನೋಡಿಯೇ ಇರುತ್ತಾರೆ. ಅದು ಹೈದರಾಬಾದ್ ಐ.ಐ.ಟಿ. 2008ರಲ್ಲಿ ಯದ್ದುಮೈಲಾರಂನ ಶಸ್ತ್ರಾಸ್ತ್ರ ಕಾರ್ಖಾನೆಯ ಆವರಣದಲ್ಲಿ ಆರಂಭವಾಗಿ ನಂತರ ಕಂದಿಗೆ ಬಂತು. ಹಳೆಯ ಐ.ಐ.ಟಿ.ಗಳಿಗೆ ಒಂದೊಂದು ದೇಶ ಬೆನ್ನಿಗೆ ನಿಂತಿದ್ದಂತೆ (ಮುಂಬಯಿಗೆ ಸೋವಿಯತ್ ರಷ್ಯಾ, ಮದರಾಸಿಗೆ ಜರ್ಮನಿ, ಕಾನಪುರಕ್ಕೆ ಅಮೆರಿಕ) ಇದರ ಬೆನ್ನಿಗೆ ಜಪಾನ್ ನಿಂತಿತು. ಆವರಣದ ಕೆಲವು ಮುಖ್ಯ ಕಟ್ಟಡಗಳಿಗೆ ಜಪಾನಿನ ಹಣ ಬಂದಿದೆ. ಆದರೆ ಅದು ದಾನವಲ್ಲ, ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ. ಭಾರತ ಸರ್ಕಾರ ತೀರಿಸಬೇಕಾದದ್ದು. ಪತ್ರಿಕೆಯಲ್ಲಿ ‘ನೆರವು’ ಎಂಬ ಶಬ್ದ ಓದಿದಾಗಲೆಲ್ಲ ವಿದ್ಯಾರ್ಥಿಗಳು ಇದು ದಾನವೋ ಸಾಲವೋ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಕಟ್ಟಡಕ್ಕಿಂತ ಬೆಲೆಯುಳ್ಳದ್ದು ಜನರ ಹೋಗಿಬರುವಿಕೆ. ಅಲ್ಲಿ ಪದವಿ ಪಡೆದವರು ಜಪಾನಿನ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಮತ್ತು ಪಿಎಚ್.ಡಿ. ಮಾಡಲು ಜಪಾನ್ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ 2012ರಿಂದ ವಿದ್ಯಾರ್ಥಿವೇತನದ ಯೋಜನೆ ನಡೆಸಿತು. ಭೂಕಂಪದಂಥ ವಿಪತ್ತುಗಳ ಹಾನಿ ತಗ್ಗಿಸುವುದು, ಸಂಪರ್ಕ ವ್ಯವಸ್ಥೆ ಕುರಿತು ಎರಡೂ ದೇಶಗಳ ವಿಜ್ಞಾನಿಗಳು ಜೊತೆಗೂಡಿ ಕೆಲಸ ಮಾಡಿದರು. 1993ರ ಸೆಪ್ಟೆಂಬರಿನ ಕಿಲ್ಲಾರಿ ಭೂಕಂಪದ ರಾತ್ರಿಯನ್ನು ಬಲ್ಲ ಬೀದರ ಜಿಲ್ಲೆಯ ಹಿರಿಯರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಾಗಿಲ್ಲ. ಐ.ಐ.ಟಿ.ಯ ಪ್ರವೇಶ ಪರೀಕ್ಷೆ ಸುಲಭವಲ್ಲ, ನಿಜ. ಆದರೆ ಬಿ.ಎಸ್ಸಿ. ಮುಗಿಸಿದವರಿಗೆ ‘ಜಾಮ್’ ಎಂಬ ಪರೀಕ್ಷೆಯ ಮೂಲಕ ಎಂ.ಎಸ್ಸಿ.ಗೆ ಸೇರುವ ದಾರಿಯೂ ಇದೆ. ಪಿ.ಯು.ಸಿ.ಯಲ್ಲಿ ಐ.ಐ.ಟಿ. ತಪ್ಪಿತೆಂದು ಕೈಚೆಲ್ಲಿ ಕುಳಿತ ಮನೆಗಳಲ್ಲಿ ಈ ಎರಡನೆಯ ದಾರಿಯ ಸುದ್ದಿ ಎತ್ತಿದವರೇ ಕಡಿಮೆ.

ಈಗ ಗೋಡೆಯ ಮೇಲಿನ ವಿಮಾನದ ಮಾತು. ಹೊರದೇಶಕ್ಕೆ ಎಂ.ಬಿ.ಬಿ.ಎಸ್. ಓದಲು ಹೋಗುವುದು ಅಪರಾಧವೇನಲ್ಲ. ಹಾಗೆ ಹೋಗಿ ಒಳ್ಳೆಯ ವೈದ್ಯರಾದವರಿದ್ದಾರೆ. ಆದರೆ ಇಲ್ಲಿ ಎರಡು ದೇಶಗಳ ನಡುವಿನ ಒಪ್ಪಂದದ ಆಸರೆ ಇರುವುದಿಲ್ಲ. ಪಾಲಕನಿಗೂ ಏಜೆಂಟನಿಗೂ ನಡುವಿನ ವ್ಯವಹಾರ ಮಾತ್ರ ಇರುತ್ತದೆ. 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಯುದ್ಧ ಆರಂಭವಾದಾಗ ಸುಮಾರು 22,500 ಭಾರತೀಯರು ಅಲ್ಲಿಂದ ಮರಳಬೇಕಾಯಿತು. ಹೆಚ್ಚಿನವರು ವೈದ್ಯಕೀಯ ವಿದ್ಯಾರ್ಥಿಗಳು. ಸರ್ಕಾರ ವಿಮಾನ ಕಳಿಸಿ ಕರೆತಂದಿತು, ಆದರೆ ಅರ್ಧಕ್ಕೆ ನಿಂತ ಓದನ್ನು ಇಲ್ಲಿನ ಕಾಲೇಜಿನಲ್ಲಿ ಮುಂದುವರಿಸಲು ಅವಕಾಶ ಸಿಗಲಿಲ್ಲ. ಯುದ್ಧದ ಮಾತು ಹಾಗಿರಲಿ. 2021ರ ನವೆಂಬರಿನ ನಿಯಮದಂತೆ, ಅದಾದ ಮೇಲೆ ಸೇರಿದವರ ಹೊರದೇಶದ ಕೋರ್ಸು ಕನಿಷ್ಠ 54 ತಿಂಗಳಿನದಾಗಿರಬೇಕು, ಬೋಧನೆ ಇಂಗ್ಲಿಷಿನಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಮರಳಿ ಬಂದ ಮೇಲೆ ಅರ್ಹತಾ ಪರೀಕ್ಷೆ. ಅದರಲ್ಲಿ 300ಕ್ಕೆ 150 ಅಂಕ ಬೇಕು. ಅದಾದ ಮೇಲೆ ಭಾರತದಲ್ಲಿ ಇನ್ನೊಂದು ವರ್ಷದ ಇಂಟರ್ನ್‌ಶಿಪ್. ಹೊಲದ ಪಹಣಿ ಅಡವಿಡುವ ಮುನ್ನ ಈ ಲೆಕ್ಕವನ್ನು ಕೈಯಲ್ಲಿ ಹಿಡಿದು ಏಜೆಂಟನಿಗೆ ಕೇಳಬೇಕಾದ ಪ್ರಶ್ನೆಗಳು ಇವು. ಉತ್ತರಗಳನ್ನು ಬಾಯಲ್ಲಿ ಅಲ್ಲ, ಕಾಗದದಲ್ಲಿ ಪಡೆಯಬೇಕು.

ಇತ್ತೀಚೆಗೆ ಹೊರದೇಶದ ವಿಶ್ವವಿದ್ಯಾಲಯಗಳು ತಾವೇ ಭಾರತಕ್ಕೆ ಬರತೊಡಗಿವೆ. ಬೆಂಗಳೂರಿನಲ್ಲಿ ಶಾಖೆ ತೆರೆಯಲು ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ 2025ರಲ್ಲಿ ಯು.ಜಿ.ಸಿ. ಆಶಯ ಪತ್ರ ಕೊಟ್ಟಿತು. ಒಳ್ಳೆಯದೇ. ಆದರೆ ಇಂಥ ಶಾಖೆ ತನ್ನ ಶುಲ್ಕವನ್ನು ತಾನೇ ಗೊತ್ತು ಮಾಡುತ್ತದೆ. ಹೆಬ್ಬಾಳದಿಂದ ಬೀದರಕ್ಕೆ ಕವಲೊಡೆದಂತೆ ಅದು ಒಂದು ದಿನ ಹಿಂದುಳಿದ ಜಿಲ್ಲೆಗೂ ಬಂದೀತೆ ಎಂದು ನೋಡಲು ಬಹುಶಃ ಬಹಳ ಕಾಲ ಬೇಕು.

ಮನ್ನಳ್ಳಿಯ ತಂದೆ ಅಷ್ಟು ಕಾಯಬೇಕಾಗಿಲ್ಲ. ರಾಜ್ಯದ ಕೃಷಿ ಮತ್ತು ಪಶುವೈದ್ಯಕೀಯ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆಂದು ಪ್ರತ್ಯೇಕ ಸೀಟುಗಳಿವೆ. ಅವುಗಳಿಗೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಹೊಲದಲ್ಲಿ ಬೆಳೆದ ಮಗುವಿಗೆ ಪೇಟೆಯ ಮಗುವಿಗಿಂತ ಮುಂದೆ ನಿಲ್ಲಲು ಸಿಗುವ ಅಪರೂಪದ ಅವಕಾಶ ಅದು. ಸಂವಿಧಾನದ 371ಜೆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟುಗಳು ಇಲ್ಲಿನವರಿಗೆ ಮೀಸಲಾಗಿವೆ. ಅದಕ್ಕೆ ಬೇಕಾದ ಅರ್ಹತಾ ಪತ್ರ ಕೊಡುವುದು ಸಹಾಯಕ ಆಯುಕ್ತರ ಕಚೇರಿ. ಫಲಿತಾಂಶ ಬಂದ ಮೇಲೆ ಅಲ್ಲಿ ಸಾಲು ಬೀದಿಗೆ ಬರುತ್ತದೆ. ಪರೀಕ್ಷೆಗೆ ಮುನ್ನ, ಹೊಲದ ಕೆಲಸ ಕಡಿಮೆ ಇರುವ ಫೆಬ್ರುವರಿಯಲ್ಲಿ ಹೋದರೆ ಅರ್ಧ ದಿನದ ಕೆಲಸ.